ಎಡಗೋಲಿನ ಕೇಬಲ್

ಕಿತ್ತೂರು ದಾಟಿ ಹೈವೇ ಬಿಟ್ಟು ಎಂಟು ಕಿಲೋಮೀಟರ್ ಒಳಗೆ ಹೋದರೆ ಒಂದು ಬೋಳು ಗುಡ್ಡ, ಅದರ ನೆತ್ತಿಯ ಮೇಲೆ ಒಂದು ಭಾರೀ ಡಿಶ್. ಸುತ್ತಲಿನ ಹಳ್ಳಿಯವರು ಅದನ್ನು ಪರಾತ ಅಂತಲೇ ಕರೆಯುತ್ತಾರೆ. ರೊಟ್ಟಿ ಹಿಟ್ಟು ನಾದುವ ಪರಾತವನ್ನು ಯಾರೋ ಮುಗಿಲಿಗೆ ಒಡ್ಡಿ ನಿಲ್ಲಿಸಿದಂತೆ ಅದು ಕಾಣುವುದೂ ಹೌದು. ಮೊದಲು ಅದು ಟೆಲಿಫೋನ್ ಇಲಾಖೆಯದು. ಇಲಾಖೆಗೆ ಬೇಡವಾದ ಮೇಲೆ ಕೆಲವು ವರ್ಷ ಕಾಗೆ ಕೂರುವುದಕ್ಕೆ ಬಿಟ್ಟರೆ ಬೇರೆ ಉಪಯೋಗಕ್ಕಿರಲಿಲ್ಲ. ಆಮೇಲೆ ಪುಣೆಯ ಒಂದು ವಿಜ್ಞಾನ ಸಂಸ್ಥೆ ಅದನ್ನು ವಹಿಸಿಕೊಂಡು, ಆಕಾಶದಿಂದ ಬರುವ ರೇಡಿಯೊ ಅಲೆ ಹಿಡಿಯುವ ಕೆಲಸಕ್ಕೆ ಹಚ್ಚಿತು. ಮಾಲೀಕರು ಬದಲಾದರು, ಎಂಜಿನಿಯರುಗಳು ಬಂದರು, ಹೋದರು. ಬದಲಾಗದೆ ಉಳಿದವನು ಫಿಟ್ಟರ್ ಕಲ್ಮೇಶ ಒಬ್ಬನೇ.

ಕಲ್ಮೇಶ ಗುಡ್ಡದ ಬುಡದ ಊರಿನವನು. ಓದಿದ್ದು ಏಳನೇ ಇಯತ್ತೆ. ಇಪ್ಪತ್ತೆರಡು ವರ್ಷದವರೆಗೆ ಅಪ್ಪನ ಜೊತೆ ಹತ್ತಿ ಹೊಲದಲ್ಲಿ ಎತ್ತು ಹೂಡಿದ. ಒಂದು ದಿನ ಪರಾತ ನಿಲ್ಲಿಸುವುದಕ್ಕೆ ಆಳು ಬೇಕೆಂದು ಜೀಪು ಬಂತು, ಹತ್ತಿದ. ಅವತ್ತು ಹತ್ತಿದವನು ಇನ್ನೂ ಇಳಿದಿಲ್ಲ ಎಂದು ಹೆಂಡತಿ ಅನ್ನಪೂರ್ಣಾ ಇವತ್ತಿಗೂ ಬೈಯುತ್ತಾಳೆ. ನಟ್ಟಿನ ಸಪ್ಪಳ ಕೇಳಿಯೇ ಅದು ಎಷ್ಟು ಸುತ್ತು ಸಡಿಲಾಗಿದೆ ಎಂದು ಹೇಳುತ್ತಾನೆ ಅಂತ ಊರಲ್ಲಿ ಪ್ರತೀತಿ. ಅದು ಸ್ವಲ್ಪ ಜಾಸ್ತಿಯಾಯಿತು ಅನ್ನಿ, ಆದರೆ ಕೆಲಸಗಾರ ಮಾತ್ರ ಅಪ್ಪಟ. ಅವನಿಗೆ ಒಂದು ಹೆಮ್ಮೆಯಿತ್ತು, ಒಂದು ಗುಟ್ಟಿತ್ತು. ಎರಡೂ ಹುಟ್ಟಿದ್ದು ಒಂದೇ ದಿನ.

ಅದು ೨೦೧೯ರ ಆಗಸ್ಟ್. ಮಲಪ್ರಭೆ ಉಕ್ಕಿ ರಾಮದುರ್ಗದ ಓಣಿಗಳಲ್ಲಿ ನೀರು ನಿಂತಿತ್ತು. ಮುನವಳ್ಳಿಯಲ್ಲಿ ಅನ್ನಪೂರ್ಣಾಳ ತವರುಮನೆಯವರು ಪಾತ್ರೆಪಗಡಿ ಬಿಟ್ಟು ಗಂಜಿಕೇಂದ್ರ ಸೇರಿದ್ದರು. ಪುಣೆಯ ರಸ್ತೆ ಬಂದ್. ಇತ್ತ ಪರಾತದ ನಡುವೆ ಕಬ್ಬಿಣದ ಕಾಲುಗಳ ತುದಿಗೆ ಕೂಡಿಸಿದ ಅಲೆ ಹಿಡಿಯುವ ಪೆಟ್ಟಿಗೆಗೆ ನೀರು ಇಳಿದು, ಅದರಿಂದ ಕೆಳಗೆ ಬರುವ ಎರಡೂ ಕೇಬಲ್ ಕೆಟ್ಟವು. ಎಂಜಿನಿಯರ್ ವಿರೂಪಾಕ್ಷ ಸಾಹೇಬರು ಪುಣೆಯಲ್ಲಿ ಸಿಕ್ಕಿಬಿದ್ದಿದ್ದರು. ಹೊಸ ಕೇಬಲ್ ಸ್ಟೋರ್‌ನಲ್ಲಿತ್ತು, ಹಾಕುವವನು ಕಲ್ಮೇಶ. ಹೆಂಡತಿ ತವರಿಗೆ ಹೋಗೋಣ ಎಂದು ಅಳುತ್ತಿದ್ದಾಗ ಅವನು ಆ ಜಿಟಿಜಿಟಿ ಮಳೆಯಲ್ಲಿ ಪರಾತ ಹತ್ತಿದ.

ಸಾಹೇಬರು ಫೋನಿನಲ್ಲಿ ಹೇಳಿದರು, "ಕೆಂಪ ಟೇಪ್ ಸುತ್ತಿದ್ದು ಎಡಗಡಿ ಸಾಕೆಟ್ಟಿಗೆ, ನೀಲಿದು ಬಲಗಡೀದಕ್ಕ. ಅದಲಬದಲ ಆಗಬಾರದ ನೋಡ್ರಿ ಕಲ್ಮೇಶ."

"ತಿಳೀತ್ರಿ ಸಾಹೇಬ್ರ," ಅಂದ.

ತಿಳಿದಿರಲಿಲ್ಲ. ಸಾಕೆಟ್ಟಿನ ಮೇಲಿನ ಅಕ್ಷರ ಬಿಸಿಲಿಗೆ ಅಳಿಸಿಹೋಗಿತ್ತು. ಪೆಟ್ಟಿಗೆಯ ಮೋರೆ ಕಲ್ಮೇಶನ ಕಡೆಗಿತ್ತು. ಎತ್ತು ಹೂಡಿದವರಿಗೆ ಒಂದು ರೂಢಿಯಿದೆ. ನೊಗದ ಎಡಕ್ಕೆ ಕಟ್ಟಿದ್ದು ಎಡಗೋಲಿನ ಎತ್ತು, ಬಲಕ್ಕೆ ಕಟ್ಟಿದ್ದು ಬಲಗೋಲಿನದು. ಹಿಂದೆ ನಿಂತು ನೋಡಿದರೂ ಅಷ್ಟೇ, ಎದುರಿಗೆ ಬಂದು ನೋಡಿದರೂ ಅಷ್ಟೇ. ಎದುರಿಗೆ ನಿಂತಾಗ ಎಡಗೋಲಿನ ಎತ್ತು ನಿಮ್ಮ ಬಲಗೈ ಕಡೆ ಬರುತ್ತದೆ. ಹಾಗೆಂದು ಅದನ್ನು ಬಲಗೋಲಿನದು ಅಂದರೆ ಇಡೀ ಊರು ನಗುತ್ತದೆ. ಎಡ-ಬಲ ಎತ್ತಿನದು, ನೋಡುವವನದಲ್ಲ. ಕಲ್ಮೇಶ ಪೆಟ್ಟಿಗೆಗೂ ಅದೇ ಲೆಕ್ಕ ಹಿಡಿದ. ಎದುರಿಗೆ ಕೂತು, ಪೆಟ್ಟಿಗೆಯ ಎಡ ಯಾವುದೆಂದು ನೋಡಿ, ತನ್ನ ಬಲಗೈ ಕಡೆಯ ಸಾಕೆಟ್ಟಿಗೆ ಕೆಂಪು ಟೇಪಿನ ಕೇಬಲ್ ಬಿಗಿದ. ಪುಣೆಯ ಸಾಹೇಬರು ಜನ್ಮದಲ್ಲಿ ಎತ್ತಿನ ಹಗ್ಗ ಹಿಡಿದವರಲ್ಲ. ಅವರ ಎಡವೆಂದರೆ ನೋಡುವವನ ಎಡ.

ಸಂಜೆಯ ಹೊತ್ತಿಗೆ ಕಂಪ್ಯೂಟರಿನಲ್ಲಿ ಗೆರೆ ಓಡತೊಡಗಿತು. ಪುಣೆಯಲ್ಲಿ ಚಪ್ಪಾಳೆ! ಹತ್ತು ದಿನ ನಿಲ್ಲಬೇಕಿದ್ದ ಕೆಲಸ ಒಂದೇ ದಿನಕ್ಕೆ ಶುರುವಾಗಿತ್ತು. ಮುಂದಿನ ಜನವರಿಯಲ್ಲಿ ಸಂಸ್ಥೆಯವರು ಅವನನ್ನು ಕರೆಸಿ, ಶಾಲು ಹೊದಿಸಿ, ಹಾರ ಹಾಕಿ, ಫೋಟೋ ತೆಗೆಸಿ ಗುಡ್ಡದ ಕಂಟ್ರೋಲ್ ರೂಮಿನಲ್ಲಿ ತೂಗುಹಾಕಿದರು. ಕಲ್ಮೇಶ ಬರುವವರಿಗೆಲ್ಲ ಅದನ್ನು ತೋರಿಸುವನು. ಅನ್ನಪೂರ್ಣಾ ಮಾತ್ರ, "ನನ್ನ ತವರಮನಿ ಮುಳಗೂ ಮುಂದ ಪರಾತದಾಗ ಕುಂತಿದ್ದಕ್ಕ ಕೊಟ್ಟ ಶಾಲು," ಅನ್ನುವಳು.

ಗುಟ್ಟು ಅವನಿಗೇ ಗೊತ್ತಾಗಿದ್ದು ಎರಡು ವರ್ಷ ನಾಲ್ಕು ತಿಂಗಳ ಮೇಲೆ, ೨೦೨೧ರ ಡಿಸೆಂಬರಿನಲ್ಲಿ. ವಿರೂಪಾಕ್ಷ ಸಾಹೇಬರು ಬೈಲಹೊಂಗಲದ ಕಡೆಯಿಂದ ಬಂದ ಕಾಲೇಜು ಹುಡುಗರಿಗೆ ಪೆಟ್ಟಿಗೆಯ ಚಿತ್ರ ಬರೆದು ತೋರಿಸುತ್ತಿದ್ದರು. "ಎದುರಿಗೆ ನಿಂತು ನೋಡಿದರೆ ನಿಮ್ಮ ಎಡಗೈ ಕಡೆ ಬರುವುದು ಎಡದ ಸಾಕೆಟ್," ಎಂದರು. ಬಾಗಿಲಲ್ಲಿ ನಿಂತಿದ್ದ ಕಲ್ಮೇಶ ತನ್ನ ಬಲಗೈ ನೋಡಿಕೊಂಡ. ಎಲ್ಲರೂ ಹೋಗುವವರೆಗೆ ಕಾದು, ಪರಾತ ಹತ್ತಿ, ಎರಡೂ ಕೇಬಲ್ ಬಿಚ್ಚಿ ಅದಲುಬದಲು ಮಾಡಿದ. ಹತ್ತು ನಿಮಿಷದ ಕೆಲಸ.

ಕೆಳಗಿಳಿದು ಬಂದು ರಿಜಿಸ್ಟರ್ ತೆರೆದ. ಪರಾತದ ಯಾವ ಬೋಲ್ಟಿಗೆ ಕೈ ಹಚ್ಚಿದರೂ ಅದರಲ್ಲಿ ತಾರೀಖು ಹಾಕಿ ಒಂದು ಸಾಲು ಬರೆಯಬೇಕು, ಅದು ಕಾನೂನು. ಪೆನ್ನಿನ ಟೋಪಿ ತೆಗೆದ. ಕಣ್ಣು ಎತ್ತಿದರೆ ಗೋಡೆಯ ಮೇಲೆ ಶಾಲು ಹೊದ್ದ ಕಲ್ಮೇಶ ನಗುತ್ತಿದ್ದಾನೆ. ಬರೆದರೆ ಮೊದಲು ಆ ನಗೆ ಹೋಗುತ್ತದೆ, ಆಮೇಲೆ ಮಾನ, ಹಿಂದೆಯೇ ಕೆಲಸ. ತಪ್ಪಿದ್ದನ್ನು ಸರಿ ಮಾಡಿದೆನಲ್ಲ, ಇನ್ನು ಯಾರಿಗೇನು ನಷ್ಟ ಅಂದುಕೊಂಡ. ಪುಸ್ತಕ ಮುಚ್ಚಿದ. ಅವತ್ತು ಹೊಟ್ಟೆತುಂಬ ಉಂಡು ಸೊಂಪಾಗಿ ನಿದ್ದೆ ಹೋದ ಅಂದರೆ ನೀವು ನಂಬಲಿಕ್ಕಿಲ್ಲ.

ಮುಂದೆ ಅವನ ನಿದ್ದೆ ಕೆಡಿಸಿದವಳು ಶೀತಲ. ಯರಗಟ್ಟಿಯ ಗೊಬ್ಬರದಂಗಡಿ ಸಿದ್ದರಾಮನ ಮಗಳು, ಪುಣೆಯ ಅದೇ ಸಂಸ್ಥೆಯಲ್ಲಿ ಪಿಎಚ್‌ಡಿ ಮಾಡುವವಳು. ಎರಡು ತಿಂಗಳಿಗೊಮ್ಮೆ ಗುಡ್ಡಕ್ಕೆ ಬಂದು ವಾರವಿರುವಳು. ಬಂದಾಗೆಲ್ಲ ಊಟ ಅನ್ನಪೂರ್ಣಾಳ ಮನೆಯಲ್ಲಿ. ಕಲ್ಮೇಶನಿಗೆ ಅವಳು ಬಾಯ್ತುಂಬ ಕಾಕಾ ಅನ್ನುವಳು. ಮಕ್ಕಳಿಲ್ಲದ ಆ ಮನೆಗೆ ಆ ಒಂದು ಮಾತು ಹಬ್ಬವಿದ್ದಂತೆ.

ಪರಾತ ಏನು ನೋಡುತ್ತದೆ ಎಂದು ಅವನಿಗೆ ತಿಳಿಯುವ ಹಾಗೆ ಹೇಳಿದವಳೂ ಅವಳೇ. ಬಲು ದೂರದ ಒಂದು ನಕ್ಷತ್ರಗಳ ಸಂತೆ, ಅದರ ನಡುವೆ ಕೋಟಿಗಟ್ಟಲೆ ಸೂರ್ಯರ ತೂಕದ ಕಪ್ಪುರಂಧ್ರ. ಬೆಳಕನ್ನೂ ನುಂಗುವ ಅದು ತಾನು ಕಾಣುವುದಿಲ್ಲ. ಆದರೆ ನುಂಗುವ ಮೊದಲು ಸುತ್ತಲಿನ ಬಿಸಿ ಅನಿಲ ಗರಗರ ತಿರುಗುತ್ತ ರೇಡಿಯೊ ಅಲೆ ಚೆಲ್ಲುತ್ತದೆ.

"ಗೂಟಕ್ಕ ಹಗ್ಗಾ ಕಟ್ಟಿ ಜಾಡಸ್ರಿ ಕಾಕಾ," ಎಂದು ಅವಳು ಒಮ್ಮೆ ಹಿತ್ತಲಲ್ಲಿ ಹಗ್ಗ ಹಿಡಿದೇ ತೋರಿಸಿದ್ದಳು. "ಮ್ಯಾಲೆ-ಕೆಳಗ ಜಾಡಿಸಿದ್ರ ಹಂಗ ಕುಣೀತೈತಿ, ಅಡ್ಡ ಜಾಡಿಸಿದ್ರ ಅಡ್ಡ ಕುಣೀತೈತಿ. ಅಲ್ಲಿಂದ ಬರೂ ಅಲಿನೂ ಹಂಗ, ಒಂದ ಓರೆ ಹಿಡದ ಕುಣೀತಾವ. ಆ ಓರೆ ದಿನಾ ಚೂರಚೂರ ತಿರಗತೈತಿ. ಅದನ್ನ ನೋಡಿದ್ರ, ಆ ರಂಧ್ರದ ಸುತ್ತ ಅಯಸ್ಕಾಂತದ ಗೆರಿ ಹೆಂಗ ಸುತ್ಯಾವ ಅನ್ನೂದು ತಿಳೀತೈತಿ."

ಎರಡು ಕೇಬಲ್ ಇರುವುದು ಅದಕ್ಕೇ. ಬಲಕ್ಕೆ ಸುರುಳಿ ಸುತ್ತುತ್ತ ಬರುವ ಅಲೆ ಒಂದರಲ್ಲಿ, ಎಡಕ್ಕೆ ಸುತ್ತುವುದು ಇನ್ನೊಂದರಲ್ಲಿ. ಎರಡನ್ನೂ ಹೋಲಿಸಿದರೆ ಓರೆ ಸಿಗುತ್ತದೆ. ಅವತ್ತು ಕಲ್ಮೇಶ ತಲೆಯಾಡಿಸಿ ಕೇಳಿದ್ದ. ಅದರ ಬಿಸಿ ತನಗೇ ತಟ್ಟೀತೆಂದು ಅವನಿಗೆ ಹೊಳೆದಿರಲಿಲ್ಲ.

ಒಂದು ಶುಕ್ರವಾರ ಮಧ್ಯಾಹ್ನ ಶೀತಲ ಕೈಯಲ್ಲಿ ಕುಂದಾದ ಡಬ್ಬಿ ಹಿಡಿದು ಕಂಟ್ರೋಲ್ ರೂಮಿಗೆ ಓಡಿಬಂದಳು.

"ಕಾಕಾ, ಬಾಯಿ ತಗೀರಿ! ನನ್ನ ನಾಕ ವರ್ಷದ ದುಡಿತ ಕೈಗೆ ಬಂತು."

"ಏನಾತವಾ?"

"ಆ ಓರೆ ಯಾವಾಗಲೂ ಒಂದ ಕಡೆ ತಿರಗತಿತ್ತು. ನಡಬರಕ ಎರಡ ವರ್ಷ ನಾಕ ತಿಂಗಳ ಉಲ್ಟಾ ತಿರಗೇತಿ! ಹತ್ತೊಂಬತ್ತರ ಆಗಸ್ಟಿಂದ ಇಪ್ಪತ್ತೊಂದರ ಡಿಸೆಂಬರ್‌ಮಟಾ. ಆಮ್ಯಾಲೆ ಮತ್ತ ಮೊದಲಿನಂಗ. ಆ ರಂಧ್ರದ ಸುತ್ತ ಏನೋ ದೊಡ್ಡದು ಬುಡಮೇಲಾಗಿತ್ತು ಕಾಕಾ!"

ಕುಂದಾ ಕಲ್ಮೇಶನ ನಾಲಿಗೆಯ ಮೇಲೆ ನಿಂತಿತು. ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

"ಯಂತ್ರದಾಗ... ಏನರೆ ತಪ್ಪಾಗಿರಬೇಕಲ್ಲ?" ಅಂದ, ಮೆಲ್ಲಗೆ.

"ನನಗೂ ಮೊದಲ ಸಂಶೇ ಬಂತು. ಆಗಸ್ಟಿನಾಗ ನೀವು ಕೇಬಲ್ ಹಾಕೀರಲ್ಲ, ರಿಜಿಸ್ಟರ್‌ದಾಗ ಐತಿ. ಆದ್ರ ಡಿಸೆಂಬರ್‌ದಾಗ ಅದು ತಾನ ಸರಿ ಆತಲ್ಲ? ಮೂರ ಸರ್ತಿ ರಿಜಿಸ್ಟರ್ ನೋಡಿದೆ. ಆವತ್ತ ಯಾರೂ ಏನೂ ಮುಟ್ಟಿಲ್ಲ. ಮನಷ್ಯಾರು ಮುಟ್ಟದನ ತಿರಗೇತಿ ಅಂದ್ರ ಅದು ಮುಗಲಿಂದ ಅಲ್ಲೇನು?" ನಕ್ಕಳು. "ಮ್ಯಾಲೆ, ಕಲ್ಮೇಶ ಕಾಕಾ ಹಾಕಿದ ಕೇಬಲ್ ತಪ್ಪತೈತೇನು! ಸೋಮವಾರ ಪುಣೆದಾಗ ದೊಡ್ಡ ಸಭಾ ಐತಿ, ಹೊರದೇಶದವ್ರೂ ಬರಾಕ ಹತ್ಯಾರ. ಅಲ್ಲಿ ಹೇಳತೇನಿ. ಲೇಖನದ ಕಡೀಕ ಉಪಕಾರ ನೆನದೇನಿ, ನಿಮ್ಮ ಹೆಸರ ಮೊದಲ."

ಅವನು ಬರೆಯದೆ ಬಿಟ್ಟ ಒಂದು ಸಾಲಿನ ಮೇಲೆ ಹುಡುಗಿ ಮನೆ ಕಟ್ಟಿಬಿಟ್ಟಿದ್ದಳು. ಕೇಬಲ್ ತಪ್ಪಿದ್ದಕ್ಕಿಂತ ಅದು ಕೆಟ್ಟದು. ತಪ್ಪನ್ನಾದರೂ ಅವಳು ಹಿಡಿಯುತ್ತಿದ್ದಳು, ಮುಚ್ಚಿಟ್ಟದ್ದನ್ನು ಹೇಗೆ ಹಿಡಿದಾಳು? ಶೀತಲ ಅವತ್ತೇ ಯರಗಟ್ಟಿಗೆ ಹೊರಟುಹೋದಳು. ರವಿವಾರ ಸಂಜೆ ಅಲ್ಲಿಂದಲೇ ಪುಣೆಯ ಬಸ್ಸು.

ಶನಿವಾರವೆಲ್ಲ ಅವನು ರೊಟ್ಟಿ ಮುರಿಯುವುದು, ತಟ್ಟೆ ಸರಿಸುವುದು ಇದೇ ಆಯಿತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹುಡುಗಿಗೆ ಡಾಕ್ಟರ್ ಪದವಿ, ತನಗೆ ಹೆಸರು. ಆ ಕಪ್ಪುರಂಧ್ರವೇನು ಕಿತ್ತೂರಿಗೆ ಬಂದು ಸಾಕ್ಷಿ ಹೇಳುತ್ತದೆಯೇ? ಹೀಗೆಲ್ಲ ಲೆಕ್ಕ ಹಾಕಿದ. ಲೆಕ್ಕ ಸರಿಬಂದಷ್ಟೂ ಸಂಕಟ ಹೆಚ್ಚಾಯಿತು. ರವಿವಾರ ಬೆಳಿಗ್ಗೆ ಅನ್ನಪೂರ್ಣಾ ಚಹಾದ ಬಟ್ಟಲು ಕುಕ್ಕಿ ಕೇಳಿದಳು, "ಏನ ಕದ್ದೀರಿ ಹೇಳ್ರಿ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡ್ಕೊಂಡಂಗ ಮಾಡಾಕ ಹತ್ತೀರಲ್ಲ."

ಹೇಳಿದ. ಎತ್ತು, ಪೆಟ್ಟಿಗೆ, ಡಿಸೆಂಬರ್, ಎಲ್ಲ. ಅವಳು ಬೈಯುತ್ತಾಳೆಂದುಕೊಂಡಿದ್ದ. ಅವಳು ಒಲೆಯ ಉರಿ ಸಣ್ಣ ಮಾಡಿದಳು.

"ಹೇಳಿದ್ರ ಆ ಕೂಸು ಮತ್ತ ನಮ್ಮನಿಗೆ ಉಣ್ಣಾಕ ಬರೂದಿಲ್ಲ," ಅಂದಳು.

"ಹೂಂ."

"ಹೇಳದಿದ್ರ, ಬಂದಾಗ ನೀವು ಆಕಿ ಮಾರಿ ಹೆಂಗ ನೋಡ್ತೀರಿ?" ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು. "ಹೋಗ್ರಿ. ಒಂಬತ್ತಕ್ಕ ಬಸ್ ಐತಿ."

ಕಲ್ಮೇಶ ಮೊದಲು ಗುಡ್ಡಕ್ಕೆ ಹೋಗಿ ರಿಜಿಸ್ಟರ್ ತೆಗೆದ. ಡಿಸೆಂಬರಿನ ಪುಟದಲ್ಲಿ ಖಾಲಿ ಜಾಗವಿತ್ತು. ಹಳೇ ತಾರೀಖಿನದೆಂದು ತೋರುವ ಹಾಗೆ ಬರೆಯಬಹುದಿತ್ತು, ಬರೆಯಲಿಲ್ಲ. ಅಂಚಿನಲ್ಲಿ ಇವತ್ತಿನ ತಾರೀಖು ಹಾಕಿ ಬರೆದ: "೨೦೧೯ರಲ್ಲಿ ಎರಡೂ ಕೇಬಲ್ ನಾನೇ ತಪ್ಪಾಗಿ ಹಾಕಿದ್ದೆ. ಈ ಪುಟದ ದಿನ ನಾನೇ ಬದಲಿಸಿದೆ. ಯಾರಿಗೂ ಹೇಳಲಿಲ್ಲ." ಸಹಿ ಮಾಡಿ, ಪುಸ್ತಕವನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದ. ಬೈಲಹೊಂಗಲದಲ್ಲಿ ಬಸ್ಸು ಬದಲಿಸುವಾಗ ತಿರುಗಿ ಹೋಗಿಬಿಡೋಣ ಅನ್ನಿಸಿತು. ಯರಗಟ್ಟಿಯ ಬಸ್ಸು ಎದುರಿಗೇ ಬಂದು ನಿಂತುಬಿಟ್ಟಿತು.

ಸಿದ್ದರಾಮನ ಮನೆ ಅಂಗಡಿಯ ಹಿಂದೆಯೇ. ಬೀಗರು, ಓಣಿಯವರು ಎಲ್ಲ ಸೇರಿದ್ದರು. ಹಜಾರದಲ್ಲಿ ಹೋಳಿಗೆಯ ವಾಸನೆ. ಸಿದ್ದರಾಮ ಎರಡೂ ಕೈ ಹಿಡಿದು, "ಬರ್ರಿ ಬರ್ರಿ ಕಲ್ಮೇಶಣ್ಣಾರ! ಇವ್ರ ನೋಡ್ರಿ ನನ್ನ ಮಗಳಿಗೆ ಮುಗಲ ತೋರಿಸಿದವ್ರು!" ಎಂದು ಎಲ್ಲರಿಗೂ ಕೇಳುವಂತೆ ಕೂಗಿದ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಕಲ್ಮೇಶನಿಗೆ.

ಗೊಬ್ಬರದ ಚೀಲಗಳ ಗೋದಾಮಿನಲ್ಲಿ ಅವನು ಶೀತಲಳಿಗೆ ಪುಸ್ತಕ ತೆರೆದು ತೋರಿಸಿದ. ಅವಳು ಓದಿದಳು. ಮತ್ತೊಮ್ಮೆ ಓದಿದಳು. ಹಾಳೆಯಿಂದ ಕಣ್ಣೆತ್ತದೆ ಒಂದೊಂದೇ ಪ್ರಶ್ನೆ ಕೇಳಿದಳು. ಯಾವ ಸಾಕೆಟ್ಟು? ಎಷ್ಟು ಹೊತ್ತಿಗೆ? ಎರಡೂ ಕೇಬಲ್ಲೇ? ಅವನು ಎತ್ತಿನ ರೂಢಿ ಹೇಳುವಾಗ ಅವಳ ಮುಖ ಸುಣ್ಣದಂತಾಗಿತ್ತು.

"ಯಂತ್ರ ಸರಿ ಐತೋ ಇಲ್ಲೋ ತಾಳೆ ನೋಡಾಕಂತ ಇನ್ನೊಂದ ನಕ್ಷತ್ರಪುಂಜ ಇಟ್ಕೊಂಡಿದ್ದೆ," ಎಂದು ತನಗೆ ತಾನೇ ಹೇಳಿಕೊಂಡಳು. "ಅದರ ಓರೆ ತಿರಗೂದ ಇಲ್ಲ, ನಿಂತಿರತೈತಿ. ನಿಂತ ಬಂಡಿ ನೋಡಿ ಯಾವ ಕಡೆ ಹೊಂಟೈತಿ ಅಂತ ಹೆಂಗ ತಿಳೀಬೇಕು? ಅದಕ್ಕ ಕೇಬಲ್ ತಪ್ಪಿದ್ದು ನನಗ ಸಿಗಲಿಲ್ಲ."

"ತಪ್ಪಾತವಾ. ಕಾಲ ಹಿಡೀತೇನಿ."

"ಕೇಬಲ್ ತಪ್ಪಿದ್ದಕ್ಕ ಸಿಟ್ಟಿಲ್ಲ. ಯಾರದರೆ ತಪ್ಪತೈತಿ." ಅವಳು ಡಿಸೆಂಬರಿನ ಪುಟದ ಮೇಲೆ ಬೆರಳಿಟ್ಟಳು. "ಒಂದ ಸಾಲು. ಆವತ್ತ ಒಂದ ಸಾಲು ಬರದಿದ್ರ ಸಾಕಿತ್ತು. ನಾಕ ವರ್ಷ ನಾನು ನಿಮ್ಮ ಕೇಬಲ್ ನೋಡ್ಕೋತ ಕುಂತೆ, ಕಪ್ಪುರಂಧ್ರ ಅಂತ ತಿಳದು."

ಒಳಗಿನಿಂದ ಅವಳ ತಾಯಿ ಊಟಕ್ಕೆ ಕರೆದಳು. ಶೀತಲ ಮುಖ ಒರೆಸಿಕೊಂಡು ಪುಸ್ತಕ ಎದೆಗವಚಿಕೊಂಡಳು.

"ಕಲ್ಮೇಶ ಅವರ, ಇದು ನನ್ನ ಹತ್ರ ಇರಲಿ, ಪುಣೆದಾಗ ತೋರಿಸಬೇಕು. ನೀವು ಉಂಡ ಹೋಗ್ರಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದ. ಕಾಕಾ ಬಿಟ್ಟು ಕಲ್ಮೇಶ ಅವರ ಅಂದಳಲ್ಲ, ಅದು ಅವನ ಕರುಳಿಗೇ ನಾಟಿತು. ಉಣ್ಣದೆ ಹಿತ್ತಲ ಬಾಗಿಲಿನಿಂದ ಬಸ್‌ಸ್ಟ್ಯಾಂಡಿಗೆ ನಡೆದ.

ಸೋಮವಾರದ ಸಭೆಯಲ್ಲಿ ಶೀತಲ ಮಾತಾಡಿದಳಂತೆ. ಕಂಡುಹಿಡಿದದ್ದರ ಬಗ್ಗೆ ಅಲ್ಲ, ಕಂಡುಹಿಡಿದೆನೆಂದು ತಿಳಿದದ್ದು ಹೇಗೆ ಸುಳ್ಳಾಯಿತು ಎನ್ನುವುದರ ಬಗ್ಗೆ. ಆ ಇಪ್ಪತ್ತೆಂಟು ತಿಂಗಳ ಅಂಕಿಗಳನ್ನು ತಿರುಗಿಸಿ ಹಾಕಿದರೆ ಓರೆ ಮೊದಲಿನಿಂದ ಕೊನೆಯವರೆಗೆ ಒಂದೇ ಕಡೆ ತಿರುಗಿತ್ತು, ಸೀದಾ ನೇಗಿಲ ಸಾಲಿನಂತೆ. ಆಶ್ಚರ್ಯವಿಲ್ಲ, ಚಪ್ಪಾಳೆಯಿಲ್ಲ. ಅವಳ ಪದವಿ ಮುಂದಕ್ಕೆ ಹೋಯಿತು. ವಿರೂಪಾಕ್ಷ ಸಾಹೇಬರು ಫೋನ್ ಮಾಡಿ, "ಯಾರ ಎಡ ಅಂತ ನಾನೂ ಹೇಳಬೇಕಾಗಿತ್ತು, ಹೇಳಲಿಲ್ಲ. ಆದ್ರ ನೀವು ಮುಚ್ಚಿಟ್ಟಿದ್ದು ಬ್ಯಾರೆ," ಎಂದರು. ಪರಾತ ಹತ್ತಲು ಬೈಲಹೊಂಗಲದ ಅರ್ಜುನ ಎಂಬ ಫಿಟ್ಟರ್ ಬಂದ. ಕಲ್ಮೇಶನ ಪಾಲಿಗೆ ಗೇಟಿನ ಕೀಲಿ ಉಳಿಯಿತು. ಗೋಡೆಯ ಫೋಟೋ ಯಾರೂ ತೆಗೆಯಲಿಲ್ಲ. ತೆಗೆದಿದ್ದರೆ ಚೆನ್ನಾಗಿತ್ತು. ದಿನಾ ಬೀಗ ತೆರೆದಾಗ ಅದು ನಗುತ್ತಲೇ ಇರುತ್ತಿತ್ತು.

ಶೀತಲ ಗುಡ್ಡಕ್ಕೆ ಬರುತ್ತಿದ್ದಳು, ಊಟದ ಡಬ್ಬಿ ತಾನೇ ತರುತ್ತಿದ್ದಳು. ಅವಳು ಬಂದ ದಿನ ಅನ್ನಪೂರ್ಣಾ ಎರಡು ರೊಟ್ಟಿ ಹೆಚ್ಚು ಬಡಿಯುವಳು, ಸಂಜೆಗೆ ಅವನ್ನು ಎಮ್ಮೆಗೆ ಹಾಕುವಳು.

ಏಳು ತಿಂಗಳು ಹೀಗೇ ಹೋಯಿತು. ಒಂದು ಮುಂಜಾನೆ ಪರಾತಕ್ಕೆ ಕೂಡಿಸಿದ್ದ ಹೊಸ ಪೆಟ್ಟಿಗೆಗೆ ಕೇಬಲ್ ಹಾಕಬೇಕಿತ್ತು. ಅರ್ಜುನ ಮೋಟರ್‌ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಅದೇ ದಿನ ಕೆಲಸ ಮುಗಿಯದಿದ್ದರೆ ಶೀತಲಳ ಅಳತೆಯ ಸರದಿ ತಪ್ಪುತ್ತದೆ. ಅವಳು ಗೇಟಿನ ಹತ್ತಿರ ಬಂದಳು.

"ಹತ್ತಾಕ ಆಗತೈತೇನ್ರಿ?"

ಕಲ್ಮೇಶ ಸ್ಪ್ಯಾನರಿನ ಚೀಲ ಹೆಗಲಿಗೆ ಹಾಕಿಕೊಂಡ. ಮೊಣಕಾಲು ಮೊದಲಿನಂತಿರಲಿಲ್ಲ, ಅಲ್ಲಲ್ಲಿ ನಿಂತು ಹತ್ತಿದ. ಹೊಸ ಪೆಟ್ಟಿಗೆಯ ಎರಡು ಸಾಕೆಟ್ಟು ಅವನ ಕಡೆಗೇ ಮೋರೆ ಮಾಡಿದ್ದವು. ಕೆಳಗಿನಿಂದ ಶೀತಲ ಫೋನಿನಲ್ಲಿ ಹೇಳಿದಳು, "ಕೆಂಪ ಟೇಪಿಂದು ಎಡಗಡಿ ಸಾಕೆಟ್ಟಿಗೆ ಹಾಕ್ರಿ."

ಕೇಬಲ್ ಕೈಯಲ್ಲಿ ಹಿಡಿದ.

"ಯಾರ ಎಡಾ?" ಎಂದು ಕೇಳಿದ.

ಅವನು ಬಗ್ಗಿ ನೋಡಿದ. ಅವಳು ತಲೆಯೆತ್ತಿ ಅವನನ್ನೇ ನೋಡುತ್ತ ನಿಂತಿದ್ದಳು.

"ನಿಮ್ಮ ಎಡಾ, ಕಾಕಾ."

ಅವನು ಎಡಗೈ ಕಡೆಯ ಸಾಕೆಟ್ಟಿಗೆ ಕೇಬಲ್ ಬಿಗಿದ. ಕಣ್ಣು ಮಂಜಾಗಿ ನಟ್ಟು ಕಾಣುತ್ತಿರಲಿಲ್ಲ, ಕೈಯಿಂದಲೇ ತಡವಿ ನೋಡಿಕೊಂಡ. ಇಳಿದು ಬಂದವನು ನೀರು ಕೂಡ ಕುಡಿಯದೆ ಕಂಟ್ರೋಲ್ ರೂಮಿಗೆ ಹೋಗಿ ರಿಜಿಸ್ಟರ್ ತೆರೆದು, ತಾರೀಖು ಹಾಕಿ, ಒಂದು ಸಾಲು ಬರೆದ.